ಕೈಯ ನರ ಮತ್ತೆ ಬೆಳೆಯುತ್ತದೆ, ಬೆನ್ನುಹುರಿ ಯಾಕೆ ಬೆಳೆಯುವುದಿಲ್ಲ?

ಪ್ರಶ್ನೆ: ಮಚ್ಚು ತಾಗಿ ತಮ್ಮನ ಮಣಿಕಟ್ಟಿನ ನರ ತುಂಡಾಯಿತು. ಹೊಲಿಗೆ ಹಾಕಿದ ಡಾಕ್ಟರು ‘ನರ ಬೆಳೆಯುತ್ತದೆ, ಕಾಯಬೇಕು’ ಎಂದರು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಪಕ್ಕದ ಮನೆಯವರಿಗೆ ಆ ಮಾತು ಯಾರೂ ಹೇಳಲಿಲ್ಲ. ಎರಡೂ ನರವೇ ಅಲ್ವಾ?

ಹೌದು, ಎರಡೂ ನರವೇ. ಆದರೆ ನರದ ಎಳೆಗಳ ಅಕ್ಕಪಕ್ಕ ಇರುವ ಕೋಶಗಳು ಬೇರೆ ಬೇರೆ.

ನರಕೋಶದಿಂದ ಹೊರಡುವ ಉದ್ದನೆಯ ಎಳೆಗೆ ಆಕ್ಸಾನ್ ಎನ್ನುತ್ತಾರೆ. ನಿಮ್ಮ ತಮ್ಮನ ಕೈಯಲ್ಲಿ ತುಂಡಾಗಿದ್ದು ಈ ಎಳೆಗಳು. ಅವು ಹೊರಡುವ ನರಕೋಶಗಳು ಕುತ್ತಿಗೆಯ ಹತ್ತಿರ, ಬೆನ್ನುಹುರಿಯ ಒಳಗೆ ಮತ್ತು ಅದರ ಪಕ್ಕದಲ್ಲಿವೆ. ಅವು ಸಾಮಾನ್ಯವಾಗಿ ಬದುಕಿರುತ್ತವೆ.

ಕೈಯಲ್ಲಿ ಆಕ್ಸಾನಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವುದು ಶ್ವಾನ್ ಕೋಶ. ಒಂದು ಕೋಶ, ಒಂದೇ ಎಳೆಯ ಒಂದು ಚಿಕ್ಕ ತುಂಡಿಗೆ ಮೀಸಲು. ಗಾಯದಿಂದ ಆಚೆಗಿನ ಎಳೆ ಸತ್ತು ಕರಗುತ್ತದೆ. ಇದನ್ನು 1850ರಲ್ಲೇ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರದಲ್ಲಿ ಕಂಡಿದ್ದರು. ಶ್ವಾನ್ ಕೋಶಗಳು ಮಾತ್ರ ಉಳಿಯುತ್ತವೆ. ಕಸ ತೆಗೆಯಲು ಕೈಜೋಡಿಸುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ, ಹಳೆಯ ಎಳೆಯಿದ್ದ ಕೊಳವೆಯೊಳಗೇ ಸಾಲಾಗಿ ನಿಂತು ಬೆಳವಣಿಗೆಗೆ ಬೇಕಾದ ರಾಸಾಯನಿಕ ಸುರಿಸುತ್ತವೆ. ಹೊಸ ಚಿಗುರು ಆ ಸಾಲು ಹಿಡಿದು ಬರುತ್ತದೆ. ಎಷ್ಟು ಚೆಂದದ ಏರ್ಪಾಡು!

ಬೆನ್ನುಹುರಿಯಲ್ಲಿ ಹೊದಿಕೆ ಸುತ್ತುವ ಕೆಲಸ ಬೇರೆ ಬಗೆಯ ಕೋಶವಾದ ಆಲಿಗೋಡೆಂಡ್ರೋಸೈಟ್‌ನದು. ಒಂದೇ ಕೋಶ ಹತ್ತಾರು ಎಳೆಗಳಿಗೆ ಹೊದಿಕೆ ಕೊಡುತ್ತದೆ. ಪೆಟ್ಟಾದ ಮೇಲೆ ಅದು ದಾರಿ ಮಾಡಿಕೊಡುವುದಿಲ್ಲ. ಒಡೆದ ಮಯಲಿನ್ ಬಹಳ ದಿನ ಅಲ್ಲೇ ಬಿದ್ದಿರುತ್ತದೆ, ಅದರಲ್ಲಿರುವ ನೋಗೋ ಎಂಬ ಪ್ರೋಟೀನು ಚಿಗುರನ್ನು ತಡೆಯುತ್ತದೆ. ಆಸ್ಟ್ರೋಸೈಟ್‌ಗಳೆಂಬ ಇನ್ನೊಂದು ಬಗೆಯ ಕೋಶಗಳು ಗಾಯದ ಸುತ್ತ ಗೋಡೆ ಕಟ್ಟುತ್ತವೆ. ಗಾಯ ಹರಡದಂತೆ ಕಾಯುವುದು ಈ ಗೋಡೆಯೇ. ಹಾಗಾಗಿ ಸುಮ್ನೆ ಕೆಡವಿಬಿಟ್ಟರೆ ಆಗುವುದಿಲ್ಲ. ಜೊತೆಗೆ, ಬೆಳೆದವರಲ್ಲಿ ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳಿಗೆ ಚಿಗುರುವ ಹುಮ್ಮಸ್ಸೂ ಕಡಿಮೆ.

ಕಡಿಮೆ ಅಷ್ಟೇ, ಸತ್ತಿಲ್ಲ. 1981ರಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಅದರ ಬೆನ್ನುಹುರಿಗೆ ಸೇತುವೆಯಂತೆ ಜೋಡಿಸಿದರು. ಬೆಳೆಯುವುದಿಲ್ಲ ಎನ್ನುತ್ತಿದ್ದ ಎಳೆಗಳು ಸುಮಾರು 3 ಸೆಂಟಿಮೀಟರ್ ಬೆಳೆದವು! ಸೇತುವೆ ದಾಟಿ ಮತ್ತೆ ಬೆನ್ನುಹುರಿಗೆ ಕಾಲಿಟ್ಟ ಕೂಡಲೇ ಹೆಚ್ಚು ದೂರ ಹೋಗದೆ ನಿಂತುಬಿಟ್ಟವು. ನನಗೆ ಈ ಪ್ರಯೋಗ ಓದಿದಾಗಲೆಲ್ಲ ಆಸೆ ಚಿಗುರುತ್ತದೆ. ಆದರೆ ಇಲಿಯಿಂದ ಮನುಷ್ಯರವರೆಗಿನ ದಾರಿ ಇನ್ನೂ ಮುಗಿದಿಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಬರೋಣ. ಚಿಗುರಿನ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಆರು ತಿಂಗಳೋ, ಇನ್ನೂ ಸ್ವಲ್ಪ ಜಾಸ್ತಿಯೋ ಬೇಕು. ನರದ ದಾರಿಯಲ್ಲಿ ಮೆಲ್ಲಗೆ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳು ತಿಂಗಳು ಮುಂದೆ ಸರಿಯುತ್ತಿದ್ದರೆ ಒಳ್ಳೆಯ ಸೂಚನೆ. ಅಲ್ಲಿಯವರೆಗೆ ಬಿಸಿ ಪಾತ್ರೆ ಮುಟ್ಟುವಾಗ ಹುಷಾರಾಗಿರಲು ಹೇಳಿ. ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ.