ಪದ ಪರಿಚಯ: ಸ್ಟೇಟ್ ಪಾರ್ಕ್

"ಅಮ್ಮಾ, ಕೆರೆ ಪಕ್ಕದಲ್ಲೇ ಒಂದು ಸೈಟ್ ಸಿಕ್ತು" ಅಂತ ಫೋನಿನಲ್ಲಿ ಹೇಳಿದೆ. ಅಮ್ಮನಿಗೆ ಖುಷಿಯೋ ಖುಷಿ. "ಎಷ್ಟಕ್ಕೋ? ಕಾಗದಪತ್ರ ಸರಿಯಾಗಿ ನೋಡಿದ್ಯಾ? ಕೆರೆ ಒತ್ತುವರಿ ಅಂತ ಆಮೇಲೆ ಬಂದು ಒಡೆದುಹಾಕ್ತಾರೆ ನೋಡು." ಎರಡೇ ರಾತ್ರಿಗಮ್ಮ, ಸ್ಟೇಟ್ ಪಾರ್ಕಲ್ಲಿ ಟೆಂಟ್ ಹಾಕೋಕೆ ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಪಾರ್ಕಲ್ಲಿ ಮಲಗ್ತೀರಾ? ಮನೆ ಇದೆಯಲ್ಲೋ!"

ತಪ್ಪು ಅಮ್ಮನದಲ್ಲ. ಸ್ಟೇಟ್, ಪಾರ್ಕ್, ಕ್ಯಾಂಪ್, ಸೈಟ್ - ನಾಲ್ಕೂ ಕನ್ನಡದಲ್ಲಿ ದಿನಾ ಆಡುವ ಪದಗಳೇ. ಆದರೆ ಅಮೆರಿಕದಲ್ಲಿ ನಾಲ್ಕರ ಅರ್ಥವೂ ಬೇರೆ.

ಪಾರ್ಕ್ ಅಂದರೆ ನಮಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್. ಕಲ್ಲುಬೆಂಚು, ವಾಕಿಂಗ್, ಕಡಲೆಕಾಯಿ. ನಾವು ಹೋದ ಇಟಾಸ್ಕಾ ಸ್ಟೇಟ್ ಪಾರ್ಕ್ 32 ಸಾವಿರ ಎಕರೆಗೂ ಜಾಸ್ತಿ ಇದೆ. ಒಳಗೆ ನೂರಕ್ಕೂ ಹೆಚ್ಚು ಕೆರೆಗಳಿವೆ. ಇರುವುದು ಮಿನ್ನೆಸೋಟ ರಾಜ್ಯದ ಉತ್ತರದಲ್ಲಿ, ಪೈನ್ ಕಾಡಿನ ನಡುವೆ. ಕೆಲವು ಕೆಂಪು ಪೈನ್ ಮರಗಳಿಗೆ 200 ವರ್ಷ ದಾಟಿದೆ. ಕೆರೆ ಅನ್ನುವುದೂ ಬಾಯಿ ರೂಢಿಗೆ ಅಷ್ಟೇ. ನಮ್ಮ ಕೆರೆಗೆ ಏರಿ ಇರುತ್ತದೆ, ಕಟ್ಟಿಸಿದವರ ಹೆಸರಿರುತ್ತದೆ. ಇಲ್ಲಿಯ ಕೆರೆಗಳನ್ನು ತೋಡಿದ್ದು ಹಿಮಯುಗದ ಹಿಮನದಿಗಳು.

ಇನ್ನು ಸ್ಟೇಟ್. ಸ್ಟೇಟ್ ಹೈವೇ ನ್ಯಾಷನಲ್ ಹೈವೇಗಿಂತ ಒಂದು ಕೈ ಕಡಿಮೆ ಅಂತ ನಮ್ಮ ಲೆಕ್ಕ. ಪಾರ್ಕಿನಲ್ಲಿ ಹಾಗಲ್ಲ, ನೋಡಿಕೊಳ್ಳುವವರು ಯಾರು ಅನ್ನುವುದಷ್ಟೇ ವ್ಯತ್ಯಾಸ. ನ್ಯಾಷನಲ್ ಪಾರ್ಕ್ ಕೇಂದ್ರ ಸರ್ಕಾರದ್ದು, ಸ್ಟೇಟ್ ಪಾರ್ಕ್ ಆಯಾ ರಾಜ್ಯದ್ದು. ನಮ್ಮಲ್ಲಿ ಬಂಡೀಪುರ, ನಾಗರಹೊಳೆ ಹೆಸರಿಗೆ ರಾಷ್ಟ್ರೀಯ ಉದ್ಯಾನ, ಆದರೆ ನೋಡಿಕೊಳ್ಳುವುದು ಕರ್ನಾಟಕದ ಅರಣ್ಯ ಇಲಾಖೆ. ಅಲ್ಲಿ ಸುಮ್ನೆ ಟೆಂಟ್ ಬಿಡಿಸಿ ಕೂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಹೀಗೆ ಎರಡು ಬಗೆ ಆಗಿದ್ದಕ್ಕೆ ಒಂದು ಕಥೆ ಇದೆ. 1864ರಲ್ಲಿ ಯೊಸೆಮಿಟಿ ಕಣಿವೆಯನ್ನು ಕಾಪಾಡಬೇಕು ಅಂದಾಗ ಕೇಂದ್ರ ಅದನ್ನು ಕ್ಯಾಲಿಫೋರ್ನಿಯಾ ರಾಜ್ಯದ ಕೈಗೆ ಕೊಟ್ಟಿತು. 1872ರಲ್ಲಿ ಯೆಲ್ಲೋಸ್ಟೋನ್ ಸರದಿ ಬಂತು. ಅದನ್ನೂ ಕೊಡೋಣ ಅಂದರೆ ತೆಗೆದುಕೊಳ್ಳಲು ಅಲ್ಲಿ ರಾಜ್ಯವೇ ಇರಲಿಲ್ಲ! ವಯೋಮಿಂಗ್ ರಾಜ್ಯವಾಗಿದ್ದು 1890ರಲ್ಲಿ. ಹಾಗಾಗಿ ಯೆಲ್ಲೋಸ್ಟೋನ್ ಕೇಂದ್ರದಲ್ಲೇ ಉಳಿದು ನ್ಯಾಷನಲ್ ಪಾರ್ಕ್ ಆಯಿತು. 1885ರಲ್ಲಿ ನ್ಯೂಯಾರ್ಕ್ ರಾಜ್ಯ ನಯಾಗರಾದ ದಡವನ್ನು ಕೊಂಡು ಜನರಿಗೆ ಬಿಟ್ಟಿತು. 1891ರಲ್ಲಿ ಮಿನ್ನೆಸೋಟದ ಶಾಸನಸಭೆ ಇಟಾಸ್ಕಾಕ್ಕೆ ಒಪ್ಪಿಗೆ ಕೊಟ್ಟಿತು, ಅದೂ ಒಂದೇ ಒಂದು ಮತದ ಅಂತರದಲ್ಲಿ.

ಪಾರ್ಕ್ ಅಂತ ಕಾಗದದ ಮೇಲೆ ಬರೆದ ಮಾತ್ರಕ್ಕೆ ಮರ ಉಳಿಯುವುದಿಲ್ಲ. 1903ರಲ್ಲಿ ಇಲ್ಲಿಯ ಅಧಿಕಾರಿ ತೀರಿಕೊಂಡಾಗ ಅವರ ಮಗಳು ಮೇರಿ ಗಿಬ್ಸ್ ಆ ಕೆಲಸಕ್ಕೆ ಬಂದರು. ಇಪ್ಪತ್ತು ದಾಟಿದ್ದ ಹುಡುಗಿ. ಮರದ ದಿಮ್ಮಿಗಳನ್ನು ತೇಲಿಸಲು ಕಂಪನಿಯವರು ಅಣೆಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ದಡದ ಮರಗಳೆಲ್ಲ ಮುಳುಗುತ್ತಿದ್ದವು. ಬಾಗಿಲು ಎತ್ತಿ ಅಂದರೆ, ಮುಟ್ಟಿದವರಿಗೆ ಗುಂಡು ಹೊಡೀತೀವಿ ಅಂತ ಬಂದೂಕು ತೋರಿಸಿದರು. ಮೇರಿ ಹೋಗಿ ಕೈ ಹಾಕಿಯೇ ಬಿಟ್ಟರು. ಗುಂಡು ಹಾರಲಿಲ್ಲ. ಮಿಸಿಸಿಪ್ಪಿ ನದಿ ಹುಟ್ಟುವುದು ಇದೇ ಪಾರ್ಕಿನಲ್ಲಿ. ಆ ಜಾಗದ ಹತ್ತಿರ ಇರುವ ಪ್ರವಾಸಿ ಕೇಂದ್ರಕ್ಕೆ ಈಗ ಅವರದೇ ಹೆಸರು.

ಕ್ಯಾಂಪ್ ಅನ್ನುವ ಪದ ನಮಗೆ ಇನ್ನೂ ಹಳೆಯ ನೆಂಟ. ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಅಂದರೆ ಆಫೀಸಿನಲ್ಲಿ ಸಿಗುವುದಿಲ್ಲ ಅಂತ. ಬೆಳಗಾವಿಯವರಿಗೆ ಕ್ಯಾಂಪ್ ಅಂದರೆ ದಂಡಿನ ಪ್ರದೇಶ. ಸಿಂಧನೂರಿನ ಕಡೆ ಕಾಲುವೆ ನೀರು ನೋಡಿಕೊಂಡು ಆಂಧ್ರದಿಂದ ಬಂದ ರೈತರ ಊರುಗಳಿಗೇ ಕ್ಯಾಂಪ್ ಅನ್ನುತ್ತಾರೆ. ಸ್ಟೇಟ್ ಪಾರ್ಕಿನಲ್ಲಿ ಕ್ಯಾಂಪಿಂಗ್ ಅಂದರೆ ದುಡ್ಡು ಕೊಟ್ಟು ನೆಲದ ಮೇಲೆ ಮಲಗುವುದು. ಅಮ್ಮನಿಗೆ ಇದನ್ನು ಒಪ್ಪಿಸಲು ಇವತ್ತಿಗೂ ಆಗಿಲ್ಲ.

ಸೈಟ್ ಅಂದರೆ ನಿಮ್ಮ ಪಾಲಿನ ಜಾಗ. ಒಂದು ನಂಬರ್ ಕಂಬ, ಕಾರು ನಿಲ್ಲಿಸಲು ಜಾಗ, ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಕರೆಂಟ್ ಇರುವ ಸೈಟಿಗೆ ಬಾಡಿಗೆ ಜಾಸ್ತಿ. ಮನೆಯನ್ನೇ ಗಾಡಿಯಲ್ಲಿ ತಂದವರು ಅಲ್ಲಿ ನಿಲ್ಲುತ್ತಾರೆ. ನಮ್ಮಂಥ ಟೆಂಟಿನವರಿಗೆ ಮರದ ನೆರಳು, ಸೊಳ್ಳೆ. ಸೊಳ್ಳೆ ವಿಷಯದಲ್ಲಿ ಮಿನ್ನೆಸೋಟ ಮಲೆನಾಡಿಗೆ ಏನೂ ಕಮ್ಮಿ ಇಲ್ಲ. ರಾತ್ರಿ ಹತ್ತಾದ ಮೇಲೆ ಗಲಾಟೆ ಮಾಡುವಂತಿಲ್ಲ. ಕರಡಿ ಓಡಾಡುವ ಕಾಡು, ಹಾಗಾಗಿ ಮಿಕ್ಕಿದ ಪುಳಿಯೋಗರೆಯನ್ನು ಡಬ್ಬಿ ಸಮೇತ ಕಾರಿನೊಳಗೆ ಇಡಬೇಕು.

ಹೊಸಬರು ಎಡವುವುದು ಸೌದೆಯಲ್ಲಿ. ನಾನೂ ಎಡವಿದೆ. ಮನೆ ಹಿತ್ತಲಿನ ಸೌದೆಯನ್ನೇ ಡಿಕ್ಕಿಯಲ್ಲಿ ತುಂಬಿಕೊಂಡು ಹೊರಟಿದ್ದೆ. ದೂರದ ಸೌದೆ ತರುವ ಹಾಗಿಲ್ಲ ಅಂತ ಗೆಳೆಯ ದಾರಿಯಲ್ಲಿ ಹೇಳಿದ. ಆ್ಯಶ್ ಅನ್ನುವ ಮರವನ್ನು ಕೊಲ್ಲುವ ಹಸಿರು ದುಂಬಿಯೊಂದಿದೆ, ಏಷ್ಯಾದಿಂದ ಬಂದದ್ದು. ಅದರ ಮರಿಹುಳ ತೊಗಟೆಯ ಕೆಳಗೆ ಕೂತು ಸೌದೆಯ ಜೊತೆ ಊರೂರು ಸುತ್ತುತ್ತದೆ. ಹಾಗಾಗಿ ಸೌದೆಯನ್ನು ಅಲ್ಲೇ ಹತ್ತಿರದಲ್ಲಿ ಕೊಳ್ಳಬೇಕು.

ಮಲಗಿದ ಮೇಲೆ ಕೆರೆಯ ಕಡೆಯಿಂದ ಉದ್ದಕ್ಕೆ ಊಳಿಟ್ಟ ಸದ್ದು. ತೋಳ ಅಂತ ಎದ್ದು ಕೂತೆ. ಲೂನ್ ಅಂತೆ, ಬಾತುಕೋಳಿಯ ಗಾತ್ರದ ಹಕ್ಕಿ, ಮಿನ್ನೆಸೋಟದ ರಾಜ್ಯಪಕ್ಷಿ.

ಇಟಾಸ್ಕಾ ಅನ್ನುವ ಹೆಸರೂ ಒಂದು ಪದದ ಆಟ. ಇಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲಿ, ನದಿ ಹುಟ್ಟುವ ಈ ಕೆರೆಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಹೆಸರಿತ್ತು. 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಮಿಸಿಸಿಪ್ಪಿಯ ಮೂಲ ಹುಡುಕಿ ಬಂದ. ದಾರಿ ತೋರಿಸಿದ್ದು ಒಜಾವಿಂಡಿಬ್ ಎಂಬ ಒಜಿಬ್ವೆ ಮುಖ್ಯಸ್ಥ, ಹೆಸರಿಟ್ಟದ್ದು ಮಾತ್ರ ಸ್ಕೂಲ್‌ಕ್ರಾಫ್ಟ್. ಲ್ಯಾಟಿನ್‌ನಲ್ಲಿ ವೆರಿಟಾಸ್ ಅಂದರೆ ನಿಜ, ಕಾಪುಟ್ ಅಂದರೆ ತಲೆ. ಎರಡನ್ನೂ ಕೂಡಿಸಿ, ಮುಂದಿನ 'ವೆರ್' ಹಿಂದಿನ 'ಪುಟ್' ಕತ್ತರಿಸಿದರೆ ಉಳಿದದ್ದು ಇಟಾಸ್ಕಾ. ನಿಜವಾದ ತಲೆ, ಅಂದರೆ ಇದೇ ಇವರ ತಲಕಾವೇರಿ.

ನೋಡಿದರೆ ಕೆರೆ ಕೋಡಿ ಬಿದ್ದ ಹಾಗೆ ಅಷ್ಟೇ. ಒಂದು ಸಾಲು ಗುಂಡುಕಲ್ಲು, ಅದರ ಸಂದಿಯಿಂದ ಮೊಣಕಾಲುದ್ದ ನೀರು. ಪಕ್ಕದ ಮರದ ಕಂಬದಲ್ಲಿ ಬರೆದಿದೆ: ಇಲ್ಲಿಂದ ಸಮುದ್ರಕ್ಕೆ 2,552 ಮೈಲಿ. ಕಲ್ಲಿನ ಮೇಲೆ ಹೆಜ್ಜೆಯಿಟ್ಟು ಮಿಸಿಸಿಪ್ಪಿ ದಾಟಬಹುದು. ಗೆಳೆಯನ ಮಗಳು ದಾಟುವಾಗ ಒಂದು ಚಪ್ಪಲಿ ಜಾರಿ ನೀರಿಗೆ ಬಿತ್ತು. ಇಲ್ಲಿಂದ ಹೊರಟ ಹನಿ ಸುಮಾರು 90 ದಿನಕ್ಕೆ ಮೆಕ್ಸಿಕೋ ಕೊಲ್ಲಿ ಸೇರುತ್ತದಂತೆ. ಚಪ್ಪಲಿ ಹೊರಟಿದ್ದು ಉತ್ತರಕ್ಕೆ. ನದಿ ಮೊದಲು ಹೋಗುವುದೇ ಹಾಗೆ, ದಕ್ಷಿಣಕ್ಕೆ ತಿರುಗುವುದು ಎಷ್ಟೋ ಮುಂದೆ. ಹತ್ತು ಹೆಜ್ಜೆ ಕೆಳಗೆ ಇನ್ಯಾರದೋ ಮಗು ಅದನ್ನು ಹಿಡಿದು ತಂದುಕೊಟ್ಟಿತು.