ಹರಿದ ಲಿಗಮೆಂಟಿಗೆ ನಮ್ಮದೇ ರಕ್ತದ ಇಂಜೆಕ್ಷನ್: ಇದು ಎಲ್ಲಿಂದ ಬಂತು?

ಹುಬ್ಬಳ್ಳಿ-ಧಾರವಾಡದ ಕಡೆ ಕಬಡ್ಡಿ ಆಡುವಾಗಲೋ ಗರಡಿಮನೆಯಲ್ಲೋ ಮೊಣಕಾಲು ಹೊರಳಿದರೆ ಮೊದಲು ಎಣ್ಣೆ ತಿಕ್ಕಿ ಕಟ್ಟು ಕಟ್ಟುತ್ತಿದ್ದರು. ಈಗ ಎಂಆರ್‌ಐ ಮಾಡಿಸುತ್ತಾರೆ. ‘ಲಿಗಮೆಂಟ್ ಟೇರ್’, ಅಂದರೆ ಮೂಳೆಗೆ ಮೂಳೆ ಜೋಡಿಸುವ ಪಟ್ಟಿ ಹರಿದಿದೆ ಎಂದು ರಿಪೋರ್ಟ್ ಬರುತ್ತದೆ. ಅದರ ಬೆನ್ನಿಗೇ ಪಿಆರ್‌ಪಿ, ಅಂದರೆ ನಮ್ಮದೇ ರಕ್ತದ ಇಂಜೆಕ್ಷನ್, ಎಂಬ ಮಾತೂ ಬರುತ್ತದೆ. ಹಾಕಿಸಬೇಕೋ ಬೇಡವೋ? ಮನೆಮಂದಿಗೆಲ್ಲ ಗೊಂದಲ.

ಕಥೆ ಶುರುವಾದದ್ದು ಮೊಣಕಾಲಿನಿಂದಲ್ಲ, ನರದಿಂದ. ನರಗಳನ್ನು ಬೆಳೆಸುವ ಪ್ರೋಟೀನನ್ನು 1950ರ ದಶಕದಲ್ಲಿ ಪತ್ತೆ ಹಚ್ಚಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಅಷ್ಟರೊಳಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಲ್ಲೂ ಕೋಶಗಳನ್ನು ಬೆಳೆಸುವ ಇಂಥ ‘ಗ್ರೋತ್ ಫ್ಯಾಕ್ಟರ್’ಗಳು ಸಿಕ್ಕಿದ್ದವು.

ಲಿಗಮೆಂಟಿನಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ನೂಲು ತಯಾರಿಸುವುದು ಫೈಬ್ರೊಬ್ಲಾಸ್ಟ್ ಕೋಶಗಳು. ಗಾಯವಾದಾಗ ಪಿಡಿಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಈ ಕೋಶಗಳನ್ನು ಕರೆತಂದು ಸಂಖ್ಯೆ ಹೆಚ್ಚಿಸುತ್ತದೆ. ವಿಇಜಿಎಫ್ ಎಂಬ ಇನ್ನೊಂದು ಹೊಸ ರಕ್ತನಾಳ ಮೂಡಿಸುತ್ತದೆ. ಟಿಜಿಎಫ್-ಬೀಟಾ ಎಂಬ ಮತ್ತೊಂದು ಕೊಲಾಜನ್ ಹೆಚ್ಚಿಸುತ್ತದೆ. ಅದೇ ಜಾಸ್ತಿಯಾದರೆ ಗಾಯದ ಜಾಗ ಬಿಗಿದುಕೊಳ್ಳುತ್ತದೆ. ಮೊಣಕಾಲಿನ ಒಳಮಗ್ಗುಲಿನ ಎಂಸಿಎಲ್ ಎಂಬ ಲಿಗಮೆಂಟ್ ಹರಿದರೆ ಬಹಳ ಸಲ ತಾನೇ ಕೂಡಿಕೊಳ್ಳುತ್ತದೆ. ಕೀಲಿನ ನಡುವೆ ಇರುವ ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಹರಿದರೆ ಸಾಮಾನ್ಯವಾಗಿ ಕೂಡುವುದಿಲ್ಲ. ಕೀಲಿನ ದ್ರವ ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲಲು ಬಿಡುವುದಿಲ್ಲ. ಗದಗ-ಬೆಟಗೇರಿಯ ನೇಕಾರರಿಗೆ ಹೇಳುವುದಾದರೆ, ನೂಲಿದೆ, ಕೈಯೂ ಇದೆ, ಮಗ್ಗ ಹೂಡಲು ನೆಲವೇ ಇಲ್ಲ.

ಪಿಆರ್‌ಪಿ ಅಂದರೆ ನಮ್ಮದೇ ರಕ್ತವನ್ನು ಯಂತ್ರದಲ್ಲಿ ಗರಗರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ತೆಗೆದು ಚುಚ್ಚುವುದು. 2009ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಹೈನ್ಸ್ ವಾರ್ಡ್ ಇದನ್ನು ಹಾಕಿಸಿಕೊಂಡು ಅಲ್ಲಿನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಆಡಿದ್ದೇ ತಡ, ಎಲ್ಲೆಡೆ ಸುದ್ದಿಯಾಯಿತು. 2010ರಲ್ಲಿ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ ಇದನ್ನು ಸ್ನಾಯುವಿಗೆ ಚುಚ್ಚುವುದನ್ನು ನಿಷೇಧಿಸಿತು, 2011ರಲ್ಲಿ ನಿಷೇಧ ತೆಗೆಯಿತು. ನಿಷೇಧಿಸಿದ್ದಾರೆ ಅಂದಮೇಲೆ ಭಾರೀ ಪವರ್ ಇರಬೇಕು ಅಂತ ಜನ ಅಂದುಕೊಳ್ಳುವುದು ಸಹಜ ಅಲ್ವಾ? ಅದೇ 2010ರಲ್ಲಿ ನೆದರ್ಲೆಂಡ್ಸ್‌ನವರು ಹಿಮ್ಮಡಿಯ ಮೇಲಿನ ಅಕಿಲಿಸ್ ಎಂಬ ಸ್ನಾಯುರಜ್ಜುವಿನ ನೋವಿದ್ದ 54 ಮಂದಿಯಲ್ಲಿ ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಸುಮ್ನೆ ಉಪ್ಪುನೀರು ಕೊಟ್ಟು ನೋಡಿದರು. 24 ವಾರಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಸುದ್ದಿ ಮಾತ್ರ ಗರಡಿಯವರೆಗೆ ಬರಲಿಲ್ಲ. ಟೆನಿಸ್ ಎಲ್ಬೋ ಎಂಬ ಮೊಣಕೈ ನೋವಿಗೆ ಉಪಯೋಗವಾಯಿತು ಎಂದ ಅಧ್ಯಯನಗಳೂ ಇವೆ, ಆಗಲಿಲ್ಲ ಎಂದವೂ ಇವೆ. ಬೇರೆ ಬೇರೆ ವಿಧಾನದಲ್ಲಿ ತಯಾರಿಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್ ಲೆಕ್ಕವೂ ಒಂದೇ ಇರುವುದಿಲ್ಲ.

ಹೊಸದಾಗಿ ಮೂಡಿದ ಕೊಲಾಜನ್ ಎಳೆಗಳು ಮೊದಲಿಗೆ ಅಡ್ಡಾದಿಡ್ಡಿಯಾಗಿರುತ್ತವೆ. ಎಳೆತ ಬಿದ್ದ ದಿಕ್ಕಿಗೆ ಅವು ಸಾಲಾಗಲು ತಿಂಗಳುಗಳೇ ಬೇಕು. ಫಿಸಿಯೊಥೆರಪಿಯಲ್ಲಿ ಕಾಲಿಗೆ ಹಾಕಿಸಿ ಹದವಾಗಿ ಎಳೆಸುವ ಆ ರಬ್ಬರ್ ಪಟ್ಟಿ ಮಾಡುವುದು ಇದೇ ಕೆಲಸ. ನಮ್ಮ ಹುಡುಗರು ಹೆಚ್ಚಾಗಿ ಮೂರನೇ ವಾರಕ್ಕೇ ಅದನ್ನು ಮೂಲೆಗೆ ಎಸೆದಿರುತ್ತಾರೆ.