ರಿಪೋರ್ಟ್ ನಿಂತರೆ ಡೇಟಾ ರೇಸ್ ಹೋಯಿತು ಅಂತಲ್ಲ

ಬದಿಯಡ್ಕದ ಕಡೆಯ ಒಂದು ಹಾಲಿನ ಸೊಸೈಟಿ ಅಂದುಕೊಳ್ಳಿ. ಪುಸ್ತಕದಲ್ಲಿ 40 ಲೀಟರ್ ಅಂತ ಇದೆ. ಇಬ್ಬರು ಒಟ್ಟಿಗೇ ಅದನ್ನು ನೋಡಿದರು. ಒಬ್ಬರು 5 ಸೇರಿಸಿ 45 ಬರೆದರು, ಇನ್ನೊಬ್ಬರು ತಾವು ನೋಡಿದ 40ಕ್ಕೆ 3 ಸೇರಿಸಿ ಅದನ್ನೇ ತಿದ್ದಿ 43 ಮಾಡಿದರು. 5 ಲೀಟರ್ ಹೋಯಿತು. ಇಬ್ಬರ ಲೆಕ್ಕವೂ ಸರಿಯೇ, ಅಲ್ವಾ?

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಎರಡು ಸಿಪಿಯುಗಳು ಒಂದೇ ಕೌಂಟರನ್ನು ಲಾಕ್ (ಒಬ್ಬರು ಮುಗಿಸುವ ತನಕ ಇನ್ನೊಬ್ಬರನ್ನು ತಡೆಯುವ ಬೀಗ) ಇಲ್ಲದೆ ಹೆಚ್ಚಿಸಲು ಹೋದರೆ ಆಗುವುದೂ ಇದೇ. ಇದು ಡೇಟಾ ರೇಸ್.

ಇದರ ಮೇಲೆ, ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ಕಾಟ ಬೇರೆ. ಒಂದು ಫ್ಲ್ಯಾಗ್ ಬದಲಾಗಲಿ ಅಂತ ಲೂಪ್‌ನಲ್ಲಿ ಕಾಯುವ ಕೋಡ್ ಬರೆದಿದ್ದೀರಿ. ಆ ಫ್ಲ್ಯಾಗನ್ನು ಬೇರೆ ಯಾರೂ ಮುಟ್ಟುವುದಿಲ್ಲ ಅಂತ ಕಂಪೈಲರ್ ನಂಬುತ್ತದೆ, ಒಂದೇ ಸಲ ಓದಿ ಸಿಪಿಯು ಒಳಗಿನ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳುತ್ತದೆ, ಲೂಪ್ ಮುಗಿಯುವುದೇ ಇಲ್ಲ. ಅದಕ್ಕೇ ಕರ್ನಲ್‌ನಲ್ಲಿ 'ರೀಡ್ ಒನ್ಸ್' ಎಂಬ ಮ್ಯಾಕ್ರೋ (ಕೋಡಿನ ತುಣುಕಿಗೆ ಇಟ್ಟ ಹೆಸರು) ಇರುವುದು. ಪ್ರತಿ ಸಲವೂ ಮೆಮೊರಿಯಿಂದಲೇ ಓದು ಅಂತ ಅದು ಕಂಪೈಲರ್‌ಗೆ ಹೇಳುತ್ತದೆ.

ಇಂಥ ಕಡೆಗಳನ್ನು ಕಣ್ಣಿನಿಂದ ಹುಡುಕುವುದು ಬಹಳ ಕಷ್ಟ. 2020ರಲ್ಲಿ ಲಿನಕ್ಸ್ 5.8ರ ಜೊತೆ ಕೆಸಿಸ್ಯಾನ್ ಎಂಬ ಪರೀಕ್ಷಕ ಬಂತು. ನನಗೆ ಇದರ ಉಪಾಯ ತುಂಬಾ ಇಷ್ಟ. ಕೋಡ್ ಒಂದು ವಿಳಾಸವನ್ನು ಮುಟ್ಟಲು ಹೊರಟಾಗ, ಆಗೊಮ್ಮೆ ಈಗೊಮ್ಮೆ, ಅದು ಆ ವಿಳಾಸಕ್ಕೆ ಕಾವಲು ಹಾಕಿ ಕೆಲವು ಮೈಕ್ರೋಸೆಕೆಂಡ್ ತಡೆದು ನಿಲ್ಲಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಸಿಪಿಯು ಅಲ್ಲಿಗೇ ಬಂದು, ಎರಡರಲ್ಲಿ ಒಂದಾದರೂ ಬರೆಯುತ್ತಿದ್ದರೆ, ರೇಸ್ ಸಿಕ್ಕಿಬಿತ್ತು. ಎರಡೂ ಕಡೆಯ ಕೋಡ್ ಯಾವುದು ಅಂತ ರಿಪೋರ್ಟ್ ಬರುತ್ತದೆ.

ಆದರೆ ರಿಪೋರ್ಟ್ ಕಂಡ ಕೂಡಲೇ ಎರಡೂ ಕಡೆ 'ರೀಡ್ ಒನ್ಸ್' ಥರದ ಮ್ಯಾಕ್ರೋ ಹಾಕಿ ಅದರ ಬಾಯಿ ಮುಚ್ಚಿಸುವ ಅಭ್ಯಾಸ ಇದೆಯಲ್ಲ, ಅದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೇಕೆಂದೇ ಮಾಡಿದ್ದು ಅಂತ ಕೆಸಿಸ್ಯಾನ್ ಬಿಟ್ಟುಬಿಡುತ್ತದೆ, ರಿಪೋರ್ಟ್ ನಿಲ್ಲುತ್ತದೆ, ನಿಜ. ಆದರೆ ಇಬ್ಬರೂ ಎಷ್ಟೇ ಗಮನ ಕೊಟ್ಟು 40 ಅಂತ ಓದಿದರೂ ಆ 5 ಲೀಟರ್ ಉಳಿಯುವುದಿಲ್ಲ. ಅಲ್ಲಿ ಬೇಕಾದದ್ದು ಲಾಕ್, ಇಲ್ಲವೇ ಓದಿ ಕೂಡಿ ಬರೆಯುವುದನ್ನು ಒಂದೇ ಏಟಿಗೆ ಮುಗಿಸುವ ಅಟಾಮಿಕ್ ಕಾರ್ಯ. ಪ್ರತಿ ಸಿಪಿಯುಗೂ ಬೇರೆ ಕೌಂಟರ್ ಕೊಟ್ಟು ಕೊನೆಗೆ ಕೂಡಿಸಿದರೂ ಆಗುತ್ತದೆ. ಸ್ವಲ್ಪ ಆಚೀಚೆ ಆದರೂ ನಡೆಯುವ ಅಂಕಿ ಅಂಶವಾದರೆ ಈ ರೇಸ್ ಗೊತ್ತಿದ್ದೇ ಬಿಟ್ಟದ್ದು ಅಂತ ಕೆಸಿಸ್ಯಾನ್‌ಗೆ ಹೇಳುವ 'ಡೇಟಾ ರೇಸ್' ಎಂಬ ಮ್ಯಾಕ್ರೋ ಹಾಕಿ, ಯಾಕೆ ಪರವಾಗಿಲ್ಲ ಅಂತ ಪಕ್ಕದಲ್ಲೇ ಕಾಮೆಂಟ್ ಬರೆಯಿರಿ. ಮುಂದೆ ಆ ಕೋಡ್ ಓದುವವರಿಗೆ ಅದು ಬೇಕು.

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತು ಇಂಜಿನಿಯರಿಂಗ್ ಸೇರಿದ ಮಕ್ಕಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಜಿಸಿಸಿ ಎಂಬ ಕಂಪೈಲರಿನ 11ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಲಿ. ಕೆಸಿಸ್ಯಾನ್ ಆನ್ ಮಾಡಿ ಕರ್ನಲ್ ಕಟ್ಟಿ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಇಎಂಯುನಲ್ಲಿ ಎರಡಕ್ಕಿಂತ ಜಾಸ್ತಿ ಸಿಪಿಯು ಕೊಟ್ಟು ಓಡಿಸಿ. ನಿಧಾನ ಆಗುತ್ತದೆ, ತಾಳ್ಮೆ ಇರಲಿ. ಮೊದಲ ರಿಪೋರ್ಟ್ ಬಂದಾಗ ಕೋಡ್ ಮುಟ್ಟುವ ಮೊದಲು ಆ ಎರಡು ಸಾಲುಗಳು ಯಾರ ಪರವಾಗಿ ಏನು ಮಾಡುತ್ತಿವೆ ಅಂತ ಓದಿ.